ಅಂಗಳದ ಹುಲ್ಲು, ಅಕ್ಕನ ವರವಾರಿ

ಬೆಂಗಳೂರಿನಲ್ಲಿ ಟಿನ್ ಫ್ಯಾಕ್ಟರಿಯ ಹತ್ತಿರ ಮನೆ ಎಂದರೆ ಕೇಳಿದವರು ಮೊದಲು ಟ್ರಾಫಿಕ್ಕನ್ನು ನೆನೆದು ಮರುಕಪಡುತ್ತಾರೆ. ಮನೆಯ ಮುಂದೆ ಒಂದಿಷ್ಟು ಹುಲ್ಲುಹಾಸು ಇದೆ ಎಂದರೆ ನಂಬುವುದೇ ಇಲ್ಲ. ಹಳೇ ಮದ್ರಾಸ್ ರಸ್ತೆ, ಹೊರವರ್ತುಲ ರಸ್ತೆ, ರೈಲು ಹಳಿ, ಕೆ.ಆರ್. ಪುರದ ತೂಗುಸೇತುವೆ, ಮೆಟ್ರೊ ಕಂಬಗಳು ಎಲ್ಲವೂ ಒಂದನ್ನೊಂದು ಒತ್ತಿಕೊಂಡು ನಿಂತ ಜಾಗ ಇದು. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ, ಸಂಪು ತೋಡಿಸಿ, ಕಾರಿಗೆ ಜಾಗ ಬಿಟ್ಟ ಮೇಲೆ ಉಳಿಯುವ ಮಣ್ಣು ತುಳಸಿಗೆ ಸಾಕಾದರೆ ಹೆಚ್ಚು. ನಮ್ಮದು ಹಳೆಯ ಮನೆ. ದೂರವಾಣಿನಗರದ ಐಟಿಐ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದ ನಮ್ಮ ಮಾವನವರು ಕಟ್ಟಿಸಿದ್ದು. ಅಂಗಳದಲ್ಲಿ ಇಪ್ಪತ್ತಡಿ ಉದ್ದ, ಹದಿನೈದಡಿ ಅಗಲದ ನೆಲವನ್ನು ಅವರು ಸಿಮೆಂಟಿಗೆ ಕೊಡಲಿಲ್ಲ. ಅದನ್ನು ಹಸಿರಾಗಿ ಉಳಿಸಿಕೊಳ್ಳುವ ಕೆಲಸ ಈಗ ನನ್ನದು.

ಗೇಟಿನ ಹತ್ತಿರ ನಿಂತವರೆಲ್ಲ ಕೇಳುವುದು ಒಂದೇ. ‘ಇದನ್ನೆಲ್ಲ ನೀವೇ ನೋಡ್ಕೊಳ್ತೀರಾ, ಮಾಲಿ ಇಟ್ಟಿದೀರಾ?’ ಮೈ ಬಗ್ಗಿಸಿ ದುಡಿದರೆ ಆರೋಗ್ಯ ಎನ್ನುವವರು ಒಂದು ಕಡೆ. ನಿಮ್ಮ ಒಂದು ಗಂಟೆಯ ಬೆಲೆ ಎಷ್ಟು, ಮಾಲಿಯ ಒಂದು ಗಂಟೆಯ ಬೆಲೆ ಎಷ್ಟು, ಲೆಕ್ಕ ಹಾಕಿ ನೋಡಿ ಎನ್ನುವವರು ಇನ್ನೊಂದು ಕಡೆ. ಎರಡನೆಯ ಲೆಕ್ಕ ನನಗೆ ಮೊದಲಿನಿಂದಲೂ ಹಿಡಿಸಿಲ್ಲ. ಹುಲ್ಲಿನ ಕೆಲಸ ಒಂದೇ ಕೆಲಸವಲ್ಲ. ಅದರಲ್ಲಿ ಕೆಲವು ನಮ್ಮ ಕೈಗೇ ಬಿಟ್ಟವು. ಇನ್ನು ಕೆಲವಕ್ಕೆ ಬಲ್ಲವರೇ ಬೇಕು, ಅವರಿಂದ ಕಲಿಯುವ ಮನಸ್ಸೂ ಬೇಕು.

ಕತ್ತರಿಸುವುದನ್ನೇ ತೆಗೆದುಕೊಳ್ಳಿ. ನೋಡುವವರಿಗೆ ಅದೇ ದೊಡ್ಡ ಕೆಲಸ, ನಿಜವಾಗಿ ಅದೇ ಸುಲಭದ್ದು. ಗಿಡದ ತುದಿ ಚಿವುಟಿದರೆ ಆ ಕುಡಿಯ ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ; ಹುಲ್ಲು ಎಲೆಯ ಬುಡದಿಂದ ಬೆಳೆಯುವುದರಿಂದ ತುದಿ ಹೋದರೂ ಮತ್ತೆ ಮೇಲೇಳುತ್ತದೆ. ಹಸು ಮೇದರೂ, ಕುಡುಗೋಲು ತಾಗಿದರೂ, ಮಷಿನ್ ಓಡಿದರೂ ಅದು ಸಾಯದಿರುವುದು ಇದರಿಂದಲೇ. ಪಾಲಿಸಬೇಕಾದ ನಿಯಮ ಒಂದು: ಎಲೆಯ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಒಂದೇ ಸಲಕ್ಕೆ ತೆಗೆಯಬಾರದು. ಬೋಳು ಹೊಡೆದರೆ ಬಿಸಿಲು ನೇರ ಬುಡಕ್ಕೆ ಬಿದ್ದು ನೆಲ ಕಂದುತ್ತದೆ, ಆ ಸಂದಿನಲ್ಲಿ ಕಳೆ ಏಳುತ್ತದೆ. ಹುಲ್ಲು ಕತ್ತರಿಸುವ ಯಂತ್ರ ಹುಟ್ಟಿದ್ದೂ ತೋಟದಲ್ಲಲ್ಲ, ಬಟ್ಟೆ ಗಿರಣಿಯ ನೆರಳಿನಲ್ಲಿ. ಇಂಗ್ಲೆಂಡಿನ ಸ್ಟ್ರೌಡ್ ಬಳಿಯ ಎಡ್ವಿನ್ ಬಡ್ಡಿಂಗ್ ಎಂಬ ಮೆಕ್ಯಾನಿಕ್ಕು, ಉಣ್ಣೆ ಬಟ್ಟೆಯ ಮೇಲಿನ ಜುಂಗನ್ನು ಸಮನಾಗಿ ಕತ್ತರಿಸುವ ಯಂತ್ರವನ್ನು ನೋಡಿ, ಅದೇ ಸುರುಳಿ ಅಲಗನ್ನು ನೆಲದ ಮೇಲೆ ಉರುಳಿಸಿದರೆ ಹೇಗೆ ಎಂದು ಯೋಚಿಸಿ 1830ರಲ್ಲಿ ಪೇಟೆಂಟ್ ಪಡೆದ. ಕಾರ್ಖಾನೆಯವರು ಮನೆ ಕಟ್ಟಿಕೊಂಡ ನಮ್ಮ ಬೀದಿಗೆ ಈ ಕಥೆ ಚೆನ್ನಾಗಿ ಹೊಂದುತ್ತದೆ. ಕೈಯಿಂದ ತಳ್ಳುವ ಮಷಿನ್ನಿನ ಅಲಗಿಗೆ ಸಾಣೆ ಹಿಡಿಯುವುದನ್ನು ಮಾವನವರು ನನಗೆ ಕಲಿಸಿದ್ದರು. ಅಲಗು ಚೂಪಾಗಿದ್ದರೆ ಹುಲ್ಲು ಕತ್ತರಿಸಿಕೊಳ್ಳುತ್ತದೆ. ಮೊಂಡಾಗಿದ್ದರೆ ಹರಿದು, ಮರುದಿನ ತುದಿಯೆಲ್ಲ ಬೆಳ್ಳಗಾಗುತ್ತದೆ. ಈ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಕಳೆಯ ಮಾತು ಬೇರೆ. ಅದಕ್ಕೆ ನಮ್ಮ ಮನೆಗೆ ಒಬ್ಬ ಅಕ್ಕ ಬರುತ್ತಾರೆ. ಹೊಸಕೋಟೆಯ ಆಚೆ, ಕೋಲಾರದ ರಸ್ತೆಯಲ್ಲಿ ಅವರ ಹಳ್ಳಿ. ಬೆಳಗಿನ ಬಸ್ಸಿನಲ್ಲಿ ಬಂದು ಟಿನ್ ಫ್ಯಾಕ್ಟರಿಯಲ್ಲಿ ಇಳಿದು ನಡೆದು ಬರುತ್ತಾರೆ. ಚೀಲದಲ್ಲಿ ಕಳೆ ತೆಗೆಯುವ ವರವಾರಿ, ಎಲೆಅಡಿಕೆ, ಊಟದ ಡಬ್ಬಿ. ಹರೆಯದಿಂದ ರಾಗಿ ಹೊಲದಲ್ಲಿ ಕಳೆ ತೆಗೆದ ಕೈ ಅದು. ಕುಕ್ಕರುಗಾಲಲ್ಲಿ ಕೂತು, ಕೂತಲ್ಲಿಂದಲೇ ಮುಂದೆ ಮುಂದೆ ಸರಿಯುತ್ತ, ಹುಲ್ಲಿನ ನಡುವೆ ಹುಲ್ಲಿನಂತೆಯೇ ಕಾಣುವ ಕಳೆಯನ್ನು ಬೆರಳ ತುದಿಯಲ್ಲೇ ಗುರುತು ಹಿಡಿಯುತ್ತಾರೆ. ಲಾಲ್‌ಬಾಗಿನಲ್ಲೋ ಕಬ್ಬನ್ ಪಾರ್ಕಿನಲ್ಲೋ ಹೀಗೆ ಸಾಲಾಗಿ ಕೂತು ಕಳೆ ತೆಗೆಯುವ ಹೆಂಗಸರನ್ನು ನಾವೆಲ್ಲ ನೋಡಿದ್ದೇವೆ, ನೋಡಿ ದಾಟಿಹೋಗಿದ್ದೇವೆ. ಪಕ್ಕದಲ್ಲಿ ಕೂತು ನೋಡಿದರೆ ಮಾತ್ರ ಆ ವಿದ್ಯೆ ಎಷ್ಟು ಸೂಕ್ಷ್ಮದ್ದು ಎಂದು ತಿಳಿಯುತ್ತದೆ.

ಜೇಕಿನ ಪಾಠ ನನಗೆ ಆದದ್ದು ಅವರಿಂದ. ಕೊನ್ನಾರಿ ಎಂದೂ ಕರೆಯುವ ಆ ಕಳೆ ಮೇಲೆ ನೋಡಲು ಬಡಪಾಯಿ, ಕೆಳಗೆ ಗೆಡ್ಡೆಗೆ ಗೆಡ್ಡೆ ಪೋಣಿಸಿಕೊಂಡು ಹಬ್ಬುತ್ತದೆ. ನಾನು ಹಿಡಿದೆಳೆಯಲು ಹೋದಾಗ ಅವರು ಕೈ ಅಡ್ಡ ಹಿಡಿದರು.

‘ಹಂಗೆ ಎಳೀಬ್ಯಾಡಿ ಅಮ್ಮ. ಮ್ಯಾಲಿಂದು ಕೈಗೆ ಬತ್ತದೆ, ಗೆಡ್ಡೆ ಒಳಗೇ ಕುಂತಿರ್ತದೆ. ಒಂದಿದ್ದುದ್ದು ನಾಕಾಯ್ತದೆ.’

‘ಮತ್ತೆ ಹೇಗೆ ಅಕ್ಕ?’

‘ಮಳೆ ಬಂದು ನೆಲ ಮೆತ್ತಗಾಗ್ಲಿ. ಆವಾಗ ಪಕ್ಕದಲ್ಲಿ ವರವಾರಿ ಇಳಿಸಿ ಮಣ್ಣು ಸಮೇತ ಎತ್ತನ. ಅವಸರ ಮಾಡಿದ್ರೆ ಅದು ಗೆಲ್ತದೆ.’

ಹುಲ್ಲುಹಾಸಿನ ಪುಸ್ತಕಗಳಲ್ಲೂ ಇದನ್ನೇ ಬರೆದಿರುತ್ತಾರೆ. ಆದರೆ ಇವತ್ತು ನೆಲ ಹದಕ್ಕೆ ಬಂದಿದೆಯೋ ಇಲ್ಲವೋ ಎಂಬುದನ್ನು ಹೆಬ್ಬೆರಳಿನಿಂದ ಒತ್ತಿ ಹೇಳುವುದು ಅವರಿಂದ ಮಾತ್ರ ಆಗುತ್ತದೆ. ಜೇಕನ್ನು ಬಿಸಿಲಿಗೆ ಒಣಗಿಸಲು ಹಾಕುತ್ತಾರೆ. ಮಿಕ್ಕ ಕಳೆಯಲ್ಲಿ ಅವರದೇ ಒಂದು ವಿಂಗಡಣೆ ಇದೆ. ಗೋಣಿಸೊಪ್ಪು, ಅಣ್ಣೆಸೊಪ್ಪು, ಒಂದೆಲಗ ಇಂಥವು ಸೆರಗಿಗೆ ಹೋಗುತ್ತವೆ. ಕೋಲಾರದ ಕಡೆ ಹೊಲದ ಬದುವಿನಲ್ಲಿ ಸಿಕ್ಕ ಹತ್ತಾರು ಸೊಪ್ಪನ್ನು ಕೂಡಿಸಿ ಬೆರಕೆಸೊಪ್ಪು ಎಂದು ಸಾರು ಮಾಡುತ್ತಾರೆ, ಮುದ್ದೆಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ. ನನ್ನ ಲೆಕ್ಕದಲ್ಲಿ ಕಸವಾಗಿದ್ದದ್ದು ಅವರ ಮನೆಯ ರಾತ್ರಿ ಊಟ. ಈಗ ನಮ್ಮ ಮನೆಯಲ್ಲೂ ಮಾಡುತ್ತೇವೆ. ರಸ್ತೆಯ ಧೂಳು ಬಿದ್ದಿರುತ್ತದೆಯಾದ್ದರಿಂದ ಮೂರು ನಾಲ್ಕು ನೀರಿನಲ್ಲಿ ತೊಳೆಯಬೇಕು ಎಂದು ಹೇಳಿಕೊಟ್ಟವರೂ ಅವರೇ.

ಈ ಸೊಪ್ಪನ್ನು ತಿಂದು ಅರಗಿಸಿಕೊಂಡ ಮೇಲೆ ಅಂಗಳಕ್ಕೆ ಕಳೆನಾಶಕ ಸಿಂಪಡಿಸುವ ಯೋಚನೆಯೇ ಬರುವುದಿಲ್ಲ. ತಿಂಗಳಿಗಿಷ್ಟು ಎಂದು ಪ್ಯಾಕೇಜು ಮಾತಾಡಿ ತೋಟ ನೋಡಿಕೊಳ್ಳುವವರು ಈಗ ಬೇಕಾದಷ್ಟು ಜನ ಇದ್ದಾರೆ. ಬರುತ್ತಾರೆ, ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಹೊಡೆಯುತ್ತಾರೆ, ಅರ್ಧ ಗಂಟೆಯಲ್ಲಿ ಹೋಗುತ್ತಾರೆ. ಏನು ಹೊಡೆದರು ಎಂದು ಮನೆಯವರು ಕೇಳುವುದಿಲ್ಲ. ಗ್ಲೈಫೊಸೇಟ್ ಎಂಬ ಕಳೆನಾಶಕವನ್ನು ಕೀಟ ನಿಯಂತ್ರಣದ ಪರವಾನಗಿ ಇದ್ದವರಲ್ಲದೆ ಬೇರೆಯವರು ಬಳಸಬಾರದು ಎಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲೇ ಆದೇಶ ಹೊರಡಿಸಿದೆ. ಮಕ್ಕಳು ಬರಿಗಾಲಲ್ಲಿ ಓಡಾಡುವ ನೆಲದ ಮೇಲೆ ಬೀಳುವುದು ಏನೆಂದು ತಿಳಿದುಕೊಳ್ಳುವ ಹೊಣೆ ದುಡ್ಡು ಕೊಟ್ಟ ಮಾತ್ರಕ್ಕೆ ನಮ್ಮಿಂದ ಕಳಚಿಕೊಳ್ಳುವುದಿಲ್ಲ.

ದುಡ್ಡು ಕೊಟ್ಟು ಬೇರೆಯವರಿಂದ ಹಸಿರು ನೋಡಿಸಿಕೊಳ್ಳುವ ರೂಢಿ ಇಲ್ಲಿ ಹಳೆಯದು. ಬೆಂಗಳೂರಿಗೆ ಹುಲ್ಲುಹಾಸಿನ ಗೀಳು ಹತ್ತಿದ್ದು ದಂಡಿನಿಂದ. 1809ರಲ್ಲಿ ಬ್ರಿಟಿಷರ ಸೇನೆ ಹಲಸೂರಿನ ಕಡೆ ಬೀಡುಬಿಟ್ಟ ಮೇಲೆ ಬಂಗಲೆ, ಕಾಂಪೌಂಡು, ಅದರ ನಡುವೆ ಹಸಿರು, ಹಸಿರಿಗೆ ಮಾಲಿ ಎಂಬ ಏರ್ಪಾಟು ಬೆಳೆಯಿತು. 1896ರಲ್ಲಿ ಇಲ್ಲಿಗೆ ಬಂದ ತರುಣ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ ತನ್ನ ಆತ್ಮಕಥೆಯಲ್ಲಿ ಲೆಕ್ಕ ಕೊಟ್ಟಿದ್ದಾನೆ: ಮೂವರು ಅಧಿಕಾರಿಗಳಿದ್ದ ಒಂದು ಬಂಗಲೆಗೆ ಇಬ್ಬರು ತೋಟಗಾರರು, ನೀರು ಹೊರಲು ಮೂವರು, ಬಟ್ಟೆ ಒಗೆಯಲು ನಾಲ್ವರು, ಒಬ್ಬ ಕಾವಲುಗಾರ. ಆತನಿಗೆ ಗುಲಾಬಿಯ ಮೇಲೆ ನಿಜವಾದ ಪ್ರೀತಿ ಇತ್ತು, ಅದನ್ನು ಅಲ್ಲಗಳೆಯಲಾರೆ. ಆದರೆ ಆ ಏರ್ಪಾಟಿನಲ್ಲಿ ಹೂವಿನ ಹೆಸರುಗಳು ಪುಸ್ತಕಕ್ಕೆ ಬಂದವು, ಬೆಳೆಸಿದವರ ಹೆಸರು ಬರಲಿಲ್ಲ. ಜರ್ಮನಿಯಿಂದ ಬಂದ ಕ್ರುಂಬಿಗೆಲ್ 1908ರಿಂದ 1932ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದದ್ದು ನಮಗೆ ಗೊತ್ತು. ಈ ಊರಿಗೆ ತಲೆಮಾರುಗಳಿಂದ ಹೂವು ತರಕಾರಿ ಬೆಳೆದುಕೊಟ್ಟ ತಿಗಳರ ಕೈಗುಣವನ್ನು ಕರಗದ ಸಮಯ ಬಿಟ್ಟರೆ ನಾವು ನೆನೆಯುವುದು ಕಡಿಮೆ. ತೋಟಗಾರಿಕೆ ಇಲಾಖೆ ಲಾಲ್‌ಬಾಗಿನಲ್ಲಿ ರೈತರ ಮಕ್ಕಳಿಗೆ 10 ತಿಂಗಳ ತರಬೇತಿ ಕೊಡುತ್ತದೆ. ಹತ್ತು ತಿಂಗಳು ಕಲಿತರೂ ಮುಗಿಯದ ಕೆಲಸವನ್ನು ‘ಹುಲ್ಲು ಕೀಳೋದು ತಾನೆ’ ಎಂದು ಚೌಕಾಸಿ ಮಾಡುವುದನ್ನು ಕೇಳಿದಾಗ ನನಗೆ ಸಿಟ್ಟು ಬರುತ್ತದೆ.

ಇನ್ನು ನೀರು. ನಮ್ಮ ಅಂಗಳದ ಮುನ್ನೂರು ಚದರಡಿ ಎಂದರೆ ಸುಮಾರು 28 ಚದರ ಮೀಟರು. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರಿನಷ್ಟು ನೀರು ಕೊಟ್ಟರೆ 140 ಲೀಟರಾಯಿತು. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ ಬೇಕು ಎಂದು ಸರ್ಕಾರ ಇಟ್ಟುಕೊಂಡಿರುವ ಅಳತೆ 135 ಲೀಟರು. ಅಂದರೆ ಈ ಪುಟ್ಟ ಹುಲ್ಲುಹಾಸು, ಮನೆಯಲ್ಲಿ ಇನ್ನೊಬ್ಬರಿದ್ದಂತೆ. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ, ಕೆ.ಆರ್. ಪುರ, ಮಹದೇವಪುರದ ಕಡೆ ಟ್ಯಾಂಕರಿಗೆ ಜನ ಕಾದು ಕೂತಿದ್ದಾಗ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಆ ಆದೇಶ ಸರಿ ಎಂದೇ ನನ್ನ ಅಭಿಪ್ರಾಯ. ಆ ವರ್ಷ ಅಂಗಳಕ್ಕೆ ಸೊಪ್ಪು ತರಕಾರಿ ತೊಳೆದ ನೀರಷ್ಟೇ ಸಿಕ್ಕಿತು. ನರ್ಸರಿಯಿಂದ ತಂದು ಹಾಸಿದ್ದ ಮೆಕ್ಸಿಕನ್ ಹುಲ್ಲು ಏಪ್ರಿಲ್ ಹೊತ್ತಿಗೆ ಒಣಗಿ ನಾರಾಯಿತು. ಮೂಲೆಯಲ್ಲಿ ಅದರ ಪಾಡಿಗೆ ಅದು ಇದ್ದ ಗರಿಕೆ ಮಾತ್ರ ಕಂದಿದ್ದರೂ ಬದುಕಿತ್ತು.

‘ಇದನ್ನ ಯಾಕಮ್ಮ ಕಿತ್ತಾಕಿಸ್ತಿದ್ರಿ? ಇದು ದೇವ್ರ ಹುಲ್ಲು’ ಎಂದರು ಅಕ್ಕ. ಗರಿಕೆ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ, ಮಣ್ಣಿನೊಳಗೂ ಕಾಂಡ ಚಾಚುತ್ತದೆ. ಮೇಲೆ ಸತ್ತಂತೆ ಕಂಡರೂ ಮೊದಲ ಮಳೆಗೆ ಚಿಗುರುತ್ತದೆ. ಕ್ರಿಕೆಟ್ ಮೈದಾನಗಳಿಗೆ ಬರ್ಮುಡಾ ಎಂಬ ಹೆಸರಿನಲ್ಲಿ ಹಾಸುವುದೂ ಈ ಕುಲದ್ದನ್ನೇ. ನೆರಳನ್ನು ಅದು ತಾಳುವುದಿಲ್ಲ, ಹೂವಿನ ಪಾತಿಗೆ ನುಗ್ಗುತ್ತದೆ, ಅಂಚನ್ನು ಆಗಾಗ ಕಡಿಯುತ್ತಿರಬೇಕು; ಅಷ್ಟು ಕಷ್ಟ ಇದ್ದೇ ಇದೆ. ಮುಂಗಾರು ಹಿಡಿದಾಗ ಅಕ್ಕ ಗರಿಕೆಯನ್ನು ಬೆರಳುದ್ದ ತುಂಡು ಮಾಡಿ, ಕೊಟ್ಟಿಗೆ ಗೊಬ್ಬರ ಕಲಸಿದ ಕೆಮ್ಮಣ್ಣಿನಲ್ಲಿ ಗೇಣಿಗೊಂದರಂತೆ ಊರುತ್ತ ಹೋದರು. ನಾನು ಅವರ ಹಿಂದೆ ಮಣ್ಣು ಅದುಮುತ್ತ ಹೋದೆ. ಗೌರಿಗಣೇಶನ ಹಬ್ಬದ ಹಿಂದಿನ ದಿನ ಕೆ.ಆರ್. ಪುರದ ಮಾರುಕಟ್ಟೆಯಲ್ಲಿ ಕಟ್ಟಿಗಿಷ್ಟು ಎಂದು ಕೊಳ್ಳುತ್ತಿದ್ದ ಗರಿಕೆ ಈಗ ನಮ್ಮ ಅಂಗಳದ್ದೇ. ಬೀದಿಯ ಮಕ್ಕಳು ಬೆಳಗಾಗುತ್ತಲೇ ಬಂದು ಬಿಡಿಸಿಕೊಂಡು ಹೋಗುತ್ತಾರೆ. ಆ ವಾರ ಮಷಿನ್ ಹೊರಗೆ ತೆಗೆಯುವುದಿಲ್ಲ.

ಕೂಲಿಯ ವಿಷಯ ಹೇಳದೆ ಈ ಮಾತು ಮುಗಿಯುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ. ಬಸ್ ಚಾರ್ಜು ಉಳಿಯುವುದರಿಂದಲೇ ಹಳ್ಳಿಯಲ್ಲಿ ಇದ್ದುಕೊಂಡು ಇಲ್ಲಿಗೆ ಕೆಲಸಕ್ಕೆ ಬರಲು ಆಗುತ್ತಿದೆ ಎನ್ನುತ್ತಾರೆ ಅಕ್ಕ. ಅದನ್ನು ತಿಳಿದ ಒಬ್ಬರು ‘ಬಸ್ಸು ಫ್ರೀ ಅಲ್ವಾ, ಕೂಲಿ ಸ್ವಲ್ಪ ಕಡಿಮೆ ಮಾಡಿಕೋ’ ಎಂದರಂತೆ. ಸರ್ಕಾರ ಅವರ ಕೈಯಲ್ಲಿ ಉಳಿಸಿದ ಹಣಕ್ಕೆ ನಾವು ಕೈಚಾಚುವುದು ಅನ್ಯಾಯ. ಇನ್ನೊಂದು ತೊಡಕು ಮಳೆಯದು. ಹುಲ್ಲೂ ಕಳೆಯೂ ಭರದಿಂದ ಬೆಳೆಯುವುದು ಆಗಸ್ಟ್ ಸೆಪ್ಟೆಂಬರಿನಲ್ಲಿ. ಅಕ್ಕ ಬಂದು ಕೆಲಸಕ್ಕೆ ಕೂರುವ ಹೊತ್ತಿಗೆ ಮಳೆ ಸುರಿದು ಬರಿಗೈಯಲ್ಲಿ ಹಿಂದಿರುಗುವುದೂ ಆ ತಿಂಗಳುಗಳಲ್ಲೇ. ದಿನಗೂಲಿಯ ಲೆಕ್ಕದಲ್ಲಿ ಅದು ಅವರ ನಷ್ಟ. ಆದ್ದರಿಂದ ನಾವು ತಿಂಗಳಿಗೆ ಇಷ್ಟು ಎಂದು ಮಾತಾಡಿಕೊಂಡಿದ್ದೇವೆ, ಮಳೆ ಬಂದರೂ ಬಿಟ್ಟರೂ ಅದು ಅವರದು. ನಮ್ಮ ಒಂದು ಅಂಗಳದಿಂದ ಅವರ ವಾರ ತುಂಬುವುದಿಲ್ಲವೆಂದು ಹಿಂದಿನ ಬೀದಿಯ ಎರಡು ಮನೆಗಳಿಗೂ, ಒಂದು ಅಪಾರ್ಟ್‌ಮೆಂಟಿನ ಸಂಘಕ್ಕೂ ಹೇಳಿದೆ. ಮನೆಗಳವರು ಒಪ್ಪಿದ್ದಾರೆ. ಮಳೆಯ ದಿನದ ಕೂಲಿಯನ್ನು ಯಾವ ಖಾತೆಯಲ್ಲಿ ಬರೆಯಬೇಕೆಂದು ಸಂಘದವರು ಇನ್ನೂ ಚರ್ಚಿಸುತ್ತಿದ್ದಾರೆ. ಮುಂದಿನ ಸಭೆಗೆ ನಾನೂ ಹೋಗುವವಳಿದ್ದೇನೆ.