ಬೇರೆ ನೀರಿಲ್ಲದ ಊರಿಗೆ

ಹೊಸ ಬೋರು ಬಿದ್ದ ಓಣಿಯಲ್ಲಿ ನೀರಿನ ಪರೀಕ್ಷೆ ಮೊದಲು ನಡೆಯುವುದು ಒಲೆಯ ಮೇಲೆ. ಬೀದರ್ ಜಿಲ್ಲೆ ತೊಗರಿಯ ನಾಡು. ಒಬ್ಬಾಕೆ ಬೇಳೆಗಿಟ್ಟು, ಉರಿ ಹೆಚ್ಚಿಸಿ, ಸಾಕಾಗಿ, "ಈ ನೀರಾಗ ಬ್ಯಾಳಿ ಬೇಯಂಗಿಲ್ಲವ್ವ" ಅಂದಳೆಂದರೆ ಮುಗಿಯಿತು. ಆ ನೀರು ದನಕರುಗಳಿಗೆ. ಮನೆಯವರು ಮತ್ತೆ ಕೊಡ ಹಿಡಿದು ಹಳೆಯ ಸೇದುಬಾವಿಯ ದಾರಿ ಹಿಡಿಯುತ್ತಾರೆ. ಅವಳ ಮಾತಿಗೆ ಆಧಾರವಿದೆ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್‌ಗೆ ಅಂಟಿಕೊಂಡು ಅದನ್ನು ಮೆತ್ತಗಾಗಲು ಬಿಡುವುದಿಲ್ಲ. ಪ್ರಯೋಗಾಲಯದವರು ಗಡಸುತನ ಎಂದು ಬರೆದುಕೊಳ್ಳುವುದನ್ನು ಆಕೆ ಸೌಟಿನಿಂದ ಒತ್ತಿ ನೋಡಿಯೇ ತಿಳಿದಿರುತ್ತಾಳೆ.

ನೀರಿನ ರುಚಿಯ ಬಗ್ಗೆ ಈ ಸೀಮೆಗೆ ಹಿಂದಿನಿಂದಲೂ ದೊಡ್ಡ ಕಾಳಜಿ. ಸುತ್ತಲೂ ಸವಳು ನೀರಿದ್ದಾಗ ಗುರುನಾನಕರು ಸಿಹಿನೀರು ಚಿಮ್ಮಿಸಿದರೆಂಬ ನಂಬಿಕೆಯ ಮೇಲೆ ಬೀದರಿನ ನಾನಕ್ ಝೀರಾ ನಿಂತಿದೆ. ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲೇ ನಡೆದು ದೇವರನ್ನು ಕಾಣುತ್ತಾರೆ. ನೌಬಾದಿನ ಸುರಂಗ ಬಾವಿಯೂ ಇದೆ, ಬಹಮನಿ ಸುಲ್ತಾನರ ಕಾಲದ ಕರೇಜ್. ಕೆಮ್ಮಣ್ಣಿನ ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗಿದ ಮಳೆನೀರನ್ನು ನೆಲದೊಳಗಿನ ಕಾಲುವೆಯಲ್ಲಿ ಹರಿಸಿ, ಅಲ್ಲಲ್ಲಿ ಮೇಲಿನಿಂದ ಕಂಡಿ ಕೊರೆದು ಬೆಳಕು ಗಾಳಿ ಬಿಟ್ಟವರ ಜಾಣ್ಮೆಗೆ ನಾನು ಪ್ರತಿಸಲವೂ ತಲೆಬಾಗುತ್ತೇನೆ. ಜಂಬಿಟ್ಟಿಗೆಯ ಈ ಎತ್ತರದ ನೆಲ ಇಳಿದರೆ ಕರಿಕಲ್ಲು ಸಿಗುತ್ತದೆ. ಕರಿಕಲ್ಲಿನ ನೀರಿನ ಗುಣವೇ ಬೇರೆ.

ಆದರೆ ನಾಲಿಗೆಗೂ ಬೇಳೆಗೂ ಸಿಗದ ಸಂಗತಿಗಳಿವೆ. ಫ್ಲೋರೈಡಿಗೆ ರುಚಿಯಿಲ್ಲ. ಅದು ಹಲ್ಲಿನಲ್ಲಿ ಕಲೆಯಾಗಿ, ಆಮೇಲೆ ಕೀಲಿನಲ್ಲಿ ನೋವಾಗಿ ಕಾಣಿಸಿಕೊಳ್ಳುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ. ನಮ್ಮ ದೇಶದಲ್ಲಿ ಇದನ್ನು ವೈದ್ಯರು ಮೊದಲು ವರದಿ ಮಾಡಿದ್ದು 1937ರಲ್ಲಿ, ನೆಲ್ಲೂರು ಕಡೆಯಿಂದ. ಗೊಬ್ಬರದಿಂದಲೂ ತಿಪ್ಪೆಯಿಂದಲೂ ಬಾವಿಗಿಳಿಯುವ ನೈಟ್ರೇಟು ಹಸುಗೂಸಿನ ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ, ಕೂಸು ನೀಲಿಗಟ್ಟುತ್ತದೆ. ತಾಯಿ ಅದೇ ನೀರು ಕುಡಿದು ಚೆನ್ನಾಗಿದೆ ಅಂದಿರುತ್ತಾಳೆ. ಇಂಥ ಕಡೆ ಸರ್ಕಾರದ ಅಂಕಿಯೇ ಬೇಕು.

ಆ ಅಂಕಿ ಇರುವುದು ಐಎಸ್ 10500 ಎಂಬ ಕುಡಿಯುವ ನೀರಿನ ಮಾನಕದಲ್ಲಿ. 1983ರಲ್ಲಿ ಬಂದದ್ದು, 1991ರಲ್ಲಿ ಒಮ್ಮೆ, 2012ರಲ್ಲಿ ಇನ್ನೊಮ್ಮೆ ಪರಿಷ್ಕಾರವಾಯಿತು. ಅದರ ಕೋಷ್ಟಕದಲ್ಲಿ ಹಲವು ಅಂಶಗಳಿಗೆ ಎರಡೆರಡು ಮಿತಿ. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಇರಬಹುದು, ಇಲ್ಲವಾದರೆ 2000. ಗಡಸುತನ 200, ಇಲ್ಲವಾದರೆ 600. ಫ್ಲೋರೈಡ್ 1, ಇಲ್ಲವಾದರೆ 1.5. ಎರಡನೆಯ ಅಂಕಿಯ ತಲೆಯ ಮೇಲೆ ಒಂದು ಷರತ್ತು: ಬೇರೆ ಜಲಮೂಲ ಇಲ್ಲದಿದ್ದಾಗ.

ಈ ಷರತ್ತು ಓದಿದಾಗಲೆಲ್ಲ ನನಗೆ ನೆನಪಾಗುವುದು ಭಾಲ್ಕಿ ತಾಲ್ಲೂಕಿನ ಮೆಹಕರದಂಥ ಗಡಿಯ ಊರುಗಳು. ಕನ್ನಡ ಮರಾಠಿ ಎರಡೂ ಆಡುವ ಸೀಮೆ ಇದು. ಇಲ್ಲಿಯ ಮಾಂಜ್ರಾ ನದಿ ಮಹಾರಾಷ್ಟ್ರದಲ್ಲಿ ಹುಟ್ಟಿ, ಅಲ್ಲಿಯ ಅಣೆಕಟ್ಟಿನಲ್ಲಿ ತಂಗಿ, ಉಳಿದಷ್ಟು ನಮಗೆ ಬರುತ್ತದೆ. 2016ರಲ್ಲಿ ಪಕ್ಕದ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ತರಬೇಕಾಯಿತು. ಕಾರಂಜಾ ಜಲಾಶಯ ಭಾಲ್ಕಿ ತಾಲ್ಲೂಕಿನಲ್ಲೇ ಇದೆ, ಅದರ ನೀರು ಕೊಳವೆ ಹಿಡಿದು ಬೀದರ್ ನಗರಕ್ಕೆ ಹೋಗುತ್ತದೆ. ಅಂದರೆ ಬೇರೆ ನೀರು ಇರುವುದೂ ಇಲ್ಲದಿರುವುದೂ ಮಳೆಯೊಂದರ ಕೈಯಲ್ಲಿಲ್ಲ. ಕೊಳವೆ ಯಾವ ದಿಕ್ಕಿಗೆ ಹೋಯಿತು, ದುಡ್ಡು ಯಾರಿಗೆ ಸಿಕ್ಕಿತು ಎಂಬುದರ ಮೇಲೂ ನಿಂತಿದೆ. ನಗರಕ್ಕೆ ಮೊದಲ ಅಂಕಿ, ಕೊಳವೆ ತಲುಪದ ಹಳ್ಳಿಗೆ ಎರಡನೆಯದು. ಇದು ನನಗೆ ಒಪ್ಪಿಗೆಯಿಲ್ಲ.

ಇನ್ನು ದಾಹದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಿತಿಗಳನ್ನು ಹಾಕುವಾಗ ಸಾಮಾನ್ಯವಾಗಿ ಹಿಡಿಯುವುದು ದಿನಕ್ಕೆ ಎರಡು ಲೀಟರ್ ಕುಡಿಯುವ 60 ಕಿಲೋ ತೂಕದ ವಯಸ್ಕರನ್ನು. ಮೇ ತಿಂಗಳ ಬಿಸಿಲಲ್ಲಿ ಉದ್ಯೋಗ ಖಾತರಿಯ ಹೂಳೆತ್ತುವವಳಿಗೆ ಎರಡು ಲೀಟರ್ ಮಧ್ಯಾಹ್ನದವರೆಗೂ ಸಾಲದು. ಅವಳು ದುಪ್ಪಟ್ಟು ಕುಡಿದರೆ ಫ್ಲೋರೈಡೂ ದುಪ್ಪಟ್ಟು ಒಳಗೆ ಹೋಗುತ್ತದೆ. ಇದು ಹೊಸ ವಿಚಾರವೇನಲ್ಲ. ಅಮೆರಿಕದವರು 1962ರಲ್ಲೇ ಆಯಾ ಊರಿನ ಗಾಳಿಯ ಉಷ್ಣತೆ ನೋಡಿ, ಸೆಕೆಯ ಊರಿಗೆ ಕಡಿಮೆ ಫ್ಲೋರೈಡ್ ಸಾಕೆಂದು ಬೇರೆ ಬೇರೆ ಮಿತಿ ಇಟ್ಟಿದ್ದರು. ರಾಷ್ಟ್ರೀಯ ಮಾನಕ ಮಾಡುವಾಗ ಜನ ಎಷ್ಟು ನೀರು ಕುಡಿಯುತ್ತಾರೆ ನೋಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಮ್ಮ ಕೋಷ್ಟಕ ಮಾತ್ರ ಬೇರೆ ನೀರಿಲ್ಲದ, ಹೆಚ್ಚು ನೀರು ಕುಡಿಯುವ ಊರಿಗೇ ಸಡಿಲ ಮಿತಿ ಕೊಟ್ಟಿದೆ.

ಸಡಿಲಿಕೆ ತೆಗೆಯಲಾಗದು ಎನ್ನುವವರಿಗೆ ಆ ಕೋಷ್ಟಕದಲ್ಲೇ ಉತ್ತರವಿದೆ. ನೈಟ್ರೇಟಿಗೆ 45 ಮಿಲಿಗ್ರಾಂ, ಅದಕ್ಕೆ ವಿನಾಯಿತಿ ಇಲ್ಲ. ಸೀಸಕ್ಕೂ ಇಲ್ಲ. ಆರ್ಸೆನಿಕ್‌ಗೆ 2012ರಲ್ಲಿ 0.01ರ ಜೊತೆ 0.05ರವರೆಗೆ ರಿಯಾಯಿತಿ ಇತ್ತು, ಆಮೇಲಿನ ತಿದ್ದುಪಡಿಯಲ್ಲಿ ಹೋಯಿತು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದವರ ಚರ್ಮದ ಮೇಲೆ ಆರ್ಸೆನಿಕ್ ಏನು ಬರೆಯಿತೆಂದು ಕಂಡವರಿಗೆ ಈ ತಿದ್ದುಪಡಿಯ ಬೆಲೆ ಗೊತ್ತು.

ಮುಂದಿನ ಪರಿಷ್ಕಾರದಲ್ಲಿ ಫ್ಲೋರೈಡಿಗೂ ಹಾಗೇ ಆಗಲಿ. ಒಮ್ಮೆಗೇ ಆಗದಿದ್ದರೆ ಸಡಿಲಿಕೆಗೊಂದು ಗಡುವಾದರೂ ಇರಲಿ: ಇಂಥ ಊರಿಗೆ ಇಷ್ಟು ವರ್ಷ, ಅಷ್ಟರೊಳಗೆ ಬೇರೆ ನೀರು. 2019ರಲ್ಲಿ ಶುರುವಾದ ಜಲಜೀವನ ಮಿಷನ್ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ಪರೀಕ್ಷೆಯ ಕಿಟ್ ಕೊಟ್ಟು ಕಲಿಸಬೇಕೆಂದಿದೆ. ಬೇಳೆ ನೋಡಿ ಗಡಸುತನ ಹೇಳುವವರಿಗೆ ಬಣ್ಣ ನೋಡಿ ಫ್ಲೋರೈಡ್ ಹೇಳುವುದು ಕಷ್ಟವಲ್ಲ. ಅವರು ಕಂಡ ಅಂಕಿಯನ್ನು ತಾರೀಖಿನೊಂದಿಗೆ ಪಂಚಾಯತಿ ಗೋಡೆಯ ಮೇಲೆ ಬರೆಯಲಿ, ಪಕ್ಕದಲ್ಲಿ ಬೇರೆ ನೀರು ಬರುವ ವರ್ಷವನ್ನು ಸರ್ಕಾರ ಬರೆಯಲಿ.