ಬೂದಿ, ಕಲಗಚ್ಚು, ಯುಜಿಡಿ

ಎಪ್ಪತ್ತರ ದಶಕದಲ್ಲಿ ಮೈಸೂರಿನ ನಮ್ಮ ಮನೆಯಲ್ಲಿ ಪಾತ್ರೆ ತಿಕ್ಕಲು ಇದ್ದದ್ದು ಒಲೆಯ ಬೂದಿ, ತೆಂಗಿನ ನಾರು. ಜಿಡ್ಡನ್ನು ಬೂದಿ ಹೀರಿ ಕಪ್ಪು ಮುದ್ದೆಯಾಗುತ್ತಿತ್ತು. ಅದನ್ನು ಬಳಿದು ತಿಪ್ಪೆಗೆ ಹಾಕುತ್ತಿದ್ದರು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಅನ್ನ ಕಲಗಚ್ಚಿನ ಬಾನಿಗೆ. ಹಾಲಿನವರು ಬಂದು ಅದನ್ನು ಹಸುಗಳಿಗೆ ಒಯ್ಯುತ್ತಿದ್ದರು. ಬಚ್ಚಲ ನೀರು ಹಿತ್ತಲಿನ ಬಾಳೆ, ಕೆಸುವಿನ ಬುಡಕ್ಕೆ.

ಎಣ್ಣೆ ಚೆಲ್ಲುವ ಮಾತೇ ಇರಲಿಲ್ಲ. ಅಂಗಡಿಗೆ ಸೀಸೆ ಒಯ್ದು ಅಳೆಸಿ ತರುತ್ತಿದ್ದ ಕಡಲೆಕಾಯಿ ಎಣ್ಣೆ ಅದು. ಹಬ್ಬಕ್ಕೆ ಚಕ್ಕುಲಿ ಕರಿದು ಉಳಿದದ್ದು ವಾರಗಟ್ಟಲೆ ಒಗ್ಗರಣೆಗೆ, ತಳದ ಗಸಿ ದೋಸೆ ಕಾವಲಿಗೆ. ಇದರಲ್ಲಿ ಪರಿಸರದ ಕಾಳಜಿಯೇನೂ ಇರಲಿಲ್ಲ, ಕೈ ಬಿಗಿ ಇತ್ತು ಅಷ್ಟೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಹೊಟ್ಟೆಗೆ ಒಳ್ಳೆಯದೂ ಅಲ್ಲ.

ಆ ಕಾಲವನ್ನು ಹೊಗಳುವವರು ಹಿತ್ತಲಿನಾಚೆಯ ಕನ್ಸರ್ವೆನ್ಸಿ ಗಲ್ಲಿಯನ್ನು ಮರೆಯುತ್ತಾರೆ. ನಮ್ಮ ಕಕ್ಕಸನ್ನು ಮನುಷ್ಯರು ಬಾಚಿ ಹೊತ್ತೊಯ್ಯುತ್ತಿದ್ದದ್ದು ಅಲ್ಲಿಂದಲೇ. ಮಲ ಹೊರುವ ಪದ್ಧತಿಯನ್ನು ಆ ದಶಕದಲ್ಲೇ ನಿಷೇಧಿಸಿದವರು ಆಗ ರಾಜ್ಯದ ಸಚಿವರಾಗಿದ್ದ ಬಿ. ಬಸವಲಿಂಗಪ್ಪ. ಆಮೇಲೆ ಬೀದಿಗೆ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಬಂತು, ಅಡುಗೆಮನೆಗೆ ಸಿಂಕು ಬಂತು. ಎಣ್ಣೆ ಪ್ಯಾಕೆಟ್ಟಿನಲ್ಲಿ ಧಾರಾಳವಾಗಿ ಬಂತು.

ಬಿಸಿಯಿದ್ದಾಗ ಸರಾಗವಾಗಿ ಇಳಿಯುವ ತುಪ್ಪ, ಡಾಲ್ಡಾ ಪೈಪಿನಲ್ಲಿ ತಣಿದು ಹೆಪ್ಪುಗಟ್ಟುತ್ತವೆ. ಆ ಜಿಡ್ಡಿಗೆ ಅನ್ನದಗುಳು, ಟೀ ಚರಟ, ಕೂದಲು ಮೆತ್ತಿಕೊಂಡು ದಾರಿ ಕಿರಿದಾಗುತ್ತದೆ. "ಬಿಸಿನೀರು, ಸೋಪು ಹಾಕಿದ್ರೆ ಹೋಗುತ್ತಲ್ಲ ಅತ್ತೆ" ಅನ್ನುತ್ತಾಳೆ ಸೊಸೆ. ಹೋಗುವುದು ನಮ್ಮ ಸಿಂಕಿನಿಂದ ಮಾತ್ರ. ಮುಂದೆಲ್ಲೋ ಮತ್ತೆ ಗಟ್ಟಿಯಾಗಿ ಕೂರುತ್ತದೆ.

ಹಾಗೆ ಒಳಚರಂಡಿ ಕಟ್ಟಿಕೊಂಡರೆ ಜೆಟ್ಟಿಂಗ್ ಯಂತ್ರ ಬರಬೇಕು. ಬಾರದ ಕಡೆ ಈಗಲೂ ಯಾರನ್ನಾದರೂ ಮ್ಯಾನ್‌ಹೋಲಿಗೆ ಇಳಿಸುತ್ತಾರೆ. ರಕ್ಷಣಾ ಸಾಧನಗಳಿಲ್ಲದೆ ಹಾಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕೇಂದ್ರ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಒಳಗಿನ ವಿಷಾನಿಲಕ್ಕೆ ಜನ ಸಾಯುತ್ತಲೇ ಇದ್ದಾರೆ. 2023ರಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು.

ಹಸುವೂ ಇಲ್ಲ, ಸೌದೆ ಒಲೆಯೂ ಇಲ್ಲ. ಹಳೆಯ ಏರ್ಪಾಟು ಮರಳುವುದಿಲ್ಲ. ಬಾಣಲೆಯನ್ನು ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯಬಹುದು. ಸಿಂಕಿಗೆ ಜಾಲರಿ ಇಟ್ಟು ಮುಸುರೆಯನ್ನು ಹಸಿ ಕಸಕ್ಕೆ ಹಾಕಬಹುದು. ಕರಿದ ಎಣ್ಣೆಯನ್ನು ಡಬ್ಬಿಯಲ್ಲಿ ಕೂಡಿಟ್ಟರೆ, ಬಯೋಡೀಸೆಲ್‌ಗೆಂದು ಸಂಗ್ರಹಿಸುವವರಿರುವ ಊರುಗಳಲ್ಲಿ ಅವರಿಗೆ ಕೊಡಬಹುದು. ಇದಕ್ಕೆ ಪುಣ್ಯವೇನೂ ಬರುವುದಿಲ್ಲ. ನಮ್ಮ ಮುಸುರೆ ಬಾಚಲು ಇನ್ನೊಬ್ಬರು ಗುಂಡಿಗೆ ಇಳಿಯುವುದು ತಪ್ಪಿದರೆ ಸಾಕು.