ಕಸ ಗುಡಿಸುವುದರಲ್ಲೇ ದಣಿದ ಸರ್ವರ್

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಹತ್ತನೇ ತರಗತಿಯ ಹಳೆಯ ಪ್ರಶ್ನೆಪತ್ರಿಕೆ ಸಿಗುವುದು ಎಷ್ಟು ಕಷ್ಟ ಎಂಬುದು ಇಲ್ಲಿನ ಅಧ್ಯಾಪಕರಿಗೆಲ್ಲ ಗೊತ್ತು. ಪೇಟೆಯ ಅಂಗಡಿಯಲ್ಲಿ ಮಲಯಾಳದ ಗೈಡು ಉಂಟು, ಇಂಗ್ಲಿಷಿನದ್ದೂ ಉಂಟು. ಮಂಗಳೂರಿನಿಂದ ತರಿಸಿದರೆ ಭಾಷೆ ನಮ್ಮದೇ, ಪಾಠ ಮಾತ್ರ ಕರ್ನಾಟಕದ್ದು. ನಮ್ಮ ಮಕ್ಕಳು ಬರೆಯುವುದು ಕೇರಳದ ಪರೀಕ್ಷೆ. ಹಾಗಾಗಿ ಶಾಲೆಯ ಕಪಾಟಿನಲ್ಲಿ ಗೆದ್ದಲಿಗೆ ಕಾಯುತ್ತಿದ್ದ ಪ್ರಶ್ನೆಪತ್ರಿಕೆಗಳನ್ನೆಲ್ಲ ನಾವು ಸ್ಕ್ಯಾನ್ ಮಾಡಿಸಿದೆವು. ಲ್ಯಾಬಿನ ಒಂದು ಹಳೆಯ ಕಂಪ್ಯೂಟರಿಗೆ ಉಬುಂಟು, ಅದರ ಮೇಲೆ ಜಾವಾ, ಟಾಮ್‌ಕ್ಯಾಟ್, ಅದರೊಳಗೆ ಒಂದು ಸಣ್ಣ ಗ್ರಂಥಾಲಯ ತಂತ್ರಾಂಶ ಹಾಕಿದೆವು. ಇಂಟರ್ನೆಟ್ ಬೇಡ, ಲ್ಯಾಬಿನ ಒಳಗಿನ ಜಾಲ ಸಾಕು. ಮಗು ತನ್ನ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು, ವಿಷಯ ಮತ್ತು ವರ್ಷ ಆರಿಸಿದರೆ ಪ್ರಶ್ನೆಪತ್ರಿಕೆ ಕಾಣಬೇಕು. ಅಷ್ಟೇ ನಮ್ಮ ಆಸೆ.

ಕಂಡದ್ದು ಬೇರೆ. ಸರ್ವರಿನ ಫ್ಯಾನು ಜೋರಾಗಿ ಕೂಗತೊಡಗಿತು. ಪುಟ ತೆರೆಯಲು ಎರಡು ಮೂರು ನಿಮಿಷ. "ಮಾಷೇ, ಇದು ತಿರುಗ್ತಾನೇ ಉಂಟು" ಎಂದರು ಮಕ್ಕಳು. ಪ್ರೊಸೆಸರಿನ ಬಳಕೆ ನೂರಕ್ಕೆ ಹತ್ತಿರ. "ಹಳೆಯ ಡಬ್ಬಿ, ಇದರಿಂದ ಆಗದು, ಹೊಸತು ಬಂದಾಗ ನೋಡುವ" ಎಂಬ ಮಾತು ಸ್ಟಾಫ್ ರೂಮಿನಲ್ಲಿ ಬಂತು. ಹೊಸತು ಯಾವಾಗ ಬರುತ್ತದೋ, ಪರೀಕ್ಷೆ ಮಾತ್ರ ಮಾರ್ಚಿಗೆ ಬಂದೇ ಬರುತ್ತದೆ. ಆದ್ದರಿಂದ ಯಂತ್ರವನ್ನು ಬಯ್ಯುವ ಮೊದಲು ಅದು ಏನು ಮಾಡುತ್ತಿದೆ ಎಂದು ಕೇಳಿ ನೋಡುವ ಎಂದು ಲಿಟಲ್ ಕೈಟ್ಸಿನ ನಾಲ್ಕು ಮಕ್ಕಳೊಂದಿಗೆ ಕುಳಿತೆವು. ಬೇರೆ ಶಾಲೆಗಳಿಗೂ ಬೇಕಾದೀತು ಎಂದು ಆ ಹುಡುಕಾಟವನ್ನು ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದು, ಕಾಯುವುದು. ಜಾವಾ ಸರ್ವರ್ ಶುರುವಾದ ಕೂಡಲೇ ಪ್ರೊಸೆಸರ್ ಏರುವುದು ರೋಗವಲ್ಲ. ಕಟ್ಟಿಟ್ಟ ತಂತ್ರಾಂಶವನ್ನು ಬಿಚ್ಚಬೇಕು, ಪುಟಗಳನ್ನು ಯಂತ್ರದ ಭಾಷೆಗೆ ಇಳಿಸಬೇಕು. ಹೊಸ ಮನೆಗೆ ಸಾಮಾನು ಇಳಿಸಿದ ದಿನದ ಗಡಿಬಿಡಿ ಅದು. ಕೆಲವು ನಿಮಿಷಗಳಲ್ಲಿ ತಣ್ಣಗಾಗಬೇಕು. ನಾವು ಅರ್ಧ ಗಂಟೆ ಕಾದೆವು, ತಣ್ಣಗಾಗಲಿಲ್ಲ.

ಎರಡನೆಯದು, ಟಾಪ್ ಎಂಬ ಆದೇಶ. ಟರ್ಮಿನಲಿನಲ್ಲಿ ಅದನ್ನು ಕೊಟ್ಟರೆ ಯಾವ ಕಾರ್ಯಕ್ರಮ ಎಷ್ಟು ಪ್ರೊಸೆಸರ್ ತಿನ್ನುತ್ತಿದೆ ಎಂದು ಪಟ್ಟಿ ಬರುತ್ತದೆ. ಎಲ್ಲಕ್ಕಿಂತ ಮೇಲೆ ಜಾವಾ, 190 ಶೇಕಡಾ. "ನೂರಕ್ಕೆ ನೂರತೊಂಬತ್ತು ಹೇಗೆ ಮಾಷೇ?" ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ನಮ್ಮ ಪ್ರೊಸೆಸರಿಗೆ ಎರಡು ಕೋರ್. ಒಂದೊಂದಕ್ಕೆ ನೂರರಂತೆ ಒಟ್ಟು ಇನ್ನೂರು. ಮೇಲಿನ ಸಾಲಿನಲ್ಲಿ ಡಿಸ್ಕಿಗಾಗಿ ಕಾಯುವ ಸಮಯವನ್ನೂ ತೋರಿಸುತ್ತದೆ. ಅದು ಸೊನ್ನೆಯ ಹತ್ತಿರ ಇತ್ತು. ಅಂದರೆ ಹಾರ್ಡ್ ಡಿಸ್ಕ್ ನಿಧಾನ ಎಂಬ ಅನುಮಾನ ಅಲ್ಲಿಗೆ ಬಿಟ್ಟುಹೋಯಿತು.

ಮೂರನೆಯದಕ್ಕೆ ಆದೇಶವೇ ಬೇಡ. ಸರ್ವರಿನ ಜಾಲದ ವೈರು ತೆಗೆದೆವು. ಮಕ್ಕಳೆಲ್ಲ ಒಟ್ಟಿಗೆ ತೆರೆದದ್ದರಿಂದ ಭಾರವಾಗಿದ್ದರೆ ಈಗ ಇಳಿಯಬೇಕಲ್ಲ? ಇಳಿಯಲಿಲ್ಲ. ಹೊರಗಿನಿಂದ ಯಾರೂ ಕೇಳದಿದ್ದರೂ ಒಳಗೇ ಏನೋ ನಡೆಯುತ್ತಿತ್ತು.

ನಾಲ್ಕನೆಯದರಲ್ಲಿ ಗುಟ್ಟು ಹೊರಬಂತು. ಟಾಪ್ ತೆರೆದಿರುವಾಗ ಶಿಫ್ಟಿನೊಂದಿಗೆ ಎಚ್ ಕೀಲಿ ಒತ್ತಿದರೆ ಕಾರ್ಯಕ್ರಮದ ಒಳಗಿನ ಎಳೆಗಳು, ಅಂದರೆ ಥ್ರೆಡ್‌ಗಳು, ಬೇರೆ ಬೇರೆಯಾಗಿ ಕಾಣುತ್ತವೆ. ಮೇಲೆ ಕುಳಿತಿದ್ದ ಎರಡರ ಹೆಸರೂ ಜಿಸಿ ಥ್ರೆಡ್. ಜಿಸಿ ಎಂದರೆ ಗಾರ್ಬೇಜ್ ಕಲೆಕ್ಷನ್, ಕಸ ಹೆಕ್ಕುವ ಕೆಲಸ. ತಂತ್ರಾಂಶ ಬಳಸಿ ಬಿಟ್ಟ ಮೆಮರಿಯನ್ನು ಹುಡುಕಿ ಖಾಲಿ ಮಾಡಿಕೊಡುವುದು ಇವುಗಳ ಕರ್ತವ್ಯ. ಜೆಸ್ಟ್ಯಾಟ್ ಎಂಬ ಇನ್ನೊಂದು ಆದೇಶವನ್ನು ಸೆಕೆಂಡಿಗೊಮ್ಮೆ ಓಡಿಸಿ ನೋಡಿದೆವು. ಮೆಮರಿ ಶೇಕಡಾ 99 ತುಂಬಿದೆ, ಪೂರ್ತಿ ಗುಡಿಸಿದ ಲೆಕ್ಕ ಏರುತ್ತಲೇ ಇದೆ, ಗುಡಿಸಿದ ಮೇಲೂ ಜಾಗ ಆಗುತ್ತಿಲ್ಲ. ಪಾಪ, ಯಂತ್ರ ಸೋಮಾರಿಯಲ್ಲ. ಹಗಲಿಡೀ ಗುಡಿಸುತ್ತಿದೆ, ಪಾಠಕ್ಕೆ ಸಮಯವೇ ಇಲ್ಲ. ಈ ಅವಸ್ಥೆ ಓದುಗ ಅಧ್ಯಾಪಕರಿಗೆ ವಿವರಿಸಬೇಕಾಗಿಲ್ಲ!

ಕಂಪ್ಯೂಟರಿನಲ್ಲಿ ಮೆಮರಿ ಇಲ್ಲವೇ? ಫ್ರೀ ಎಂಬ ಆದೇಶ ಕೊಟ್ಟರೆ 4 ಜಿಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಆದರೆ ಜಾವಾ ಮನೆಯಿಡೀ ಓಡಾಡುವುದಿಲ್ಲ. ಹೀಪ್ ಎಂಬ ಕೋಣೆಯನ್ನು ಎಷ್ಟು ದೊಡ್ಡದು ಎಂದು ಮೊದಲೇ ಗೆರೆ ಹಾಕಿ ಕೊಟ್ಟಿರುತ್ತಾರೆ. ನಾವು ಏನೂ ಹೇಳದಿದ್ದರೆ ಒಟ್ಟು ಮೆಮರಿಯ ನಾಲ್ಕನೇ ಒಂದು ಪಾಲು. ಆದರೆ ತಂತ್ರಾಂಶದ ಜತೆಗೆ ಬಂದಿದ್ದ ಸೂಚನಾ ಕಡತದಲ್ಲಿ 128 ಎಂಬಿ ಎಂದು ಬರೆದಿತ್ತು. ಬರೀ ಅಕ್ಷರಗಳ ಪಟ್ಟಿಗೆ ಅದು ಸಾಕಾಗುತ್ತಿತ್ತೋ ಏನೋ. ನಮ್ಮದು ಸ್ಕ್ಯಾನ್ ಮಾಡಿದ ಚಿತ್ರಗಳು.

ಇಲ್ಲಿ ಮಕ್ಕಳಿಂದ ಒಂದು ಗುಣಾಕಾರ ಮಾಡಿಸಿದೆವು. ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508 ಚುಕ್ಕೆ. ಗುಣಿಸಿದರೆ ಸುಮಾರು 87 ಲಕ್ಷ. ಒಂದು ಚುಕ್ಕೆಯ ಬಣ್ಣಕ್ಕೆ 3 ಬೈಟ್. ಒಟ್ಟು ಸುಮಾರು 26 ಎಂಬಿ. ಡಿಸ್ಕಿನಲ್ಲಿ ಅದೇ ಹಾಳೆ ಜೆಪಿಇಜಿ ಕಡತವಾಗಿ ಒಂದು ಎಂಬಿಯಷ್ಟೇ. ಮಡಚಿ ಪೆಟ್ಟಿಗೆಯಲ್ಲಿಟ್ಟ ಸೀರೆಯನ್ನು ಜಗಲಿಯಲ್ಲಿ ಹರಡಿದ ಹಾಗೆ, ತೆರೆದಾಗಲೇ ಅದರ ಅಳತೆ ಗೊತ್ತಾಗುವುದು. ತಂತ್ರಾಂಶವೋ, ಶುರುವಾದ ಕೂಡಲೇ ಪ್ರತಿ ಹಾಳೆಯ ಪುಟ್ಟ ಚಿತ್ರ ತಯಾರಿಸಲು ನಾಲ್ಕು ನಾಲ್ಕು ಹಾಳೆ ಒಟ್ಟಿಗೆ ತೆರೆಯುತ್ತಿತ್ತು. ನಾಲ್ಕಕ್ಕೆ 104 ಎಂಬಿ. ತಂತ್ರಾಂಶ ಸ್ವತಃ ಕುಳಿತುಕೊಳ್ಳಲೂ ಜಾಗ ಬೇಕಲ್ಲ? 128ರ ಕೋಣೆ ಸಾಲುವುದು ಹೇಗೆ?

ಮದ್ದು ಒಂದೇ ಸಾಲು. ಟಾಮ್‌ಕ್ಯಾಟಿನ ಕಡತದಲ್ಲಿ 128 ಎಂಬಿ ಇದ್ದಲ್ಲಿ 1 ಜಿಬಿ ಎಂದು ಬರೆದು ಸರ್ವರನ್ನು ಮತ್ತೆ ಶುರು ಮಾಡಿದೆವು. "ನಾಲ್ಕೂ ಜಿಬಿ ಕೊಡಬಾರದಾ?" ಎಂದು ಮಕ್ಕಳು ಕೇಳಿದರು. ಕೊಡಬಾರದು. ಉಬುಂಟುವಿಗೂ ಬೇಕು, ಆಗಾಗ ಓದುವ ಕಡತಗಳನ್ನು ನೆನಪಿನಲ್ಲಿಡಲೂ ಬೇಕು. ಎಲ್ಲವನ್ನೂ ಜಾವಾಕ್ಕೆ ಬಿಟ್ಟುಕೊಟ್ಟರೆ ಮೆಮರಿಯ ಕೆಲಸ ಡಿಸ್ಕಿಗೆ ಬೀಳುತ್ತದೆ, ಆಗ ಈಗಿನದ್ದಕ್ಕಿಂತ ನಿಧಾನ. ಇನ್ನೊಂದು ಮಾತು: ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕು ಕಡೆ ಒಟ್ಟಿಗೆ ತಿದ್ದಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಮತ್ತೆ ಶುರು ಮಾಡಿದ ಮೇಲೂ ಪ್ರೊಸೆಸರ್ ಮೇಲೇರಿತು. ಮಕ್ಕಳ ಮುಖ ಬಾಡಿತು. ಶಿಫ್ಟ್ ಎಚ್ ಒತ್ತಿ ನೋಡಿದರೆ ಈಗ ಮೇಲಿರುವುದು ಕಸ ಹೆಕ್ಕುವವರಲ್ಲ, ಚಿತ್ರ ತಯಾರಿಸುವ ಎಳೆಗಳು. ಅಂಕಿ ಅದೇ, ಅರ್ಥ ಬೇರೆ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು, ಫ್ಯಾನು ಸುಮ್ಮನಾಯಿತು, ಬಳಕೆ ಶೇಕಡಾ 3ಕ್ಕೆ ಇಳಿಯಿತು. ನೂರು ಶೇಕಡಾ ಎಂಬುದು ಜ್ವರದ ಹಾಗೆ, ಅದು ರೋಗದ ಹೆಸರಲ್ಲ. ಯಾರು ದುಡಿಯುತ್ತಿದ್ದಾರೆ, ಯಾವುದಕ್ಕೆ ದುಡಿಯುತ್ತಿದ್ದಾರೆ ಎಂದು ಕೇಳಿದರೆ ಮಾತ್ರ ಕಾರಣ ಗೊತ್ತಾಗುತ್ತದೆ.

ಇಂಥ ವಿಷಯಗಳ ವಿವರಣೆ ನಮಗೆ ಸಿಗುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ತರಬೇತಿಯಲ್ಲಾದರೆ ಮಲಯಾಳದಲ್ಲಿ. ಆ ಮಧ್ಯಾಹ್ನ ಹೀಪ್, ಥ್ರೆಡ್, ಬೈಟ್ ಎಲ್ಲ ಕನ್ನಡದ ವಾಕ್ಯಗಳ ಒಳಗೆ ಸಲೀಸಾಗಿ ಕುಳಿತುಕೊಂಡವು. ನಾಲ್ವರಲ್ಲಿ ಇಬ್ಬರು ಮರುದಿನ ಎಂಟನೆಯವರಿಗೆ ಕರಿಹಲಗೆಯ ಮೇಲೆ ಗುಣಾಕಾರ ಸಮೇತ ವಿವರಿಸಿದರು. ನಾವು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದೆವು.

ನಿಮ್ಮ ಶಾಲೆಯ ಲ್ಯಾಬಿನಲ್ಲೂ "ಆಗದು" ಎಂದು ಮೂಲೆಗಿಟ್ಟ ಕಂಪ್ಯೂಟರ್ ಇದ್ದೀತು. ಗುಜರಿಗೆ ಕೊಡುವ ಮುನ್ನ ಮಕ್ಕಳನ್ನು ಕೂರಿಸಿಕೊಂಡು ಒಮ್ಮೆ ಟಾಪ್ ಓಡಿಸಿ ನೋಡಿ. ಕನ್ನಡ ಮಾಧ್ಯಮದ ಹಳೆಯ ಪ್ರಶ್ನೆಪತ್ರಿಕೆಗಳು ನಿಮ್ಮಲ್ಲಿದ್ದರೆ ನಮಗೂ ತಿಳಿಸಿ. ಈಗ ಜಾಗ ಇದೆ.